ಅತ್ತಿಗೆ ಒಪ್ಪದ ಕರೆಂಟ್ ಬಿಲ್ಲಿನ ಕಥೆ

ಎಲ್ಲಿಂದ ಶುರು ಮಾಡಲಿ? ಅಣ್ಣ ಬಿದ್ದ ದಿನದಿಂದ ಶುರು ಮಾಡಿದರೆ ನೀವು ಕರ್ಚೀಫು ಹುಡುಕುತ್ತೀರಿ. ಕರೆಂಟ್ ಬಿಲ್ಲಿನಿಂದ ಎಂದರೆ ಪುಟ ತಿರುವುತ್ತೀರಿ. ಅತ್ತಿಗೆಯಿಂದ ಎಂದರೆ ಅವರು ಒಪ್ಪುವುದಿಲ್ಲ. (ಒಪ್ಪದಿದ್ದರೂ ಅವರಿಂದಲೇ.)

1

ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅಣ್ಣ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷ ಒಂದು ನಾಯಿಗೂ ಚಕ್ರ ತಾಗಿಸದವನು ಕಳೆದ ವರ್ಷ ಡಿಪೋದ ಮೆಟ್ಟಿಲ ಮೇಲೆ ಕುಸಿದ. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು. ಮಾತು ಅರ್ಧ ಉಳಿಯಿತು. ಆಸ್ಪತ್ರೆಯಿಂದ ಅವನ ಜೊತೆ ಎರಡು ಯಂತ್ರಗಳೂ ಮನೆಗೆ ಬಂದವು. ಒಂದು, ಬೆನ್ನು ಹುಣ್ಣಾಗದಂತೆ ಹಾಸಿಗೆಗೆ ಗಾಳಿ ತುಂಬುವ ಪಂಪು. ಅದು ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಇನ್ನೊಂದು, ಗಂಟಲಿನ ಕಫ ಎಳೆಯುವಂಥದ್ದು. ಅದಿಲ್ಲದಿದ್ದರೆ ಉಸಿರೇ ಕಟ್ಟೀತು.

2

ಈ ಭಾಗವನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲ ಕರಡಿನಲ್ಲಿ ಅತ್ತಿಗೆ ಬಿಲ್ಲನ್ನು ಎದೆಗವಚಿಕೊಂಡು ಅಳುತ್ತಿದ್ದರು. ಓದಿ ಹೇಳಿದೆ. ಕತ್ತರಿ ಕೆಳಗಿಡದೆಯೇ ಕೇಳಿದರು, "ನಾನ್ಯಾವಾಗ ಅತ್ತೆ? ಗುಂಡಿ ಡಬ್ಬಿಯೊಳಗೆ ಬಚ್ಚಿಟ್ಟೆ, ಅಷ್ಟೇ."

ಸರಿ. ಏಳು ತಿಂಗಳ ಬಿಲ್ಲು ಗುಂಡಿ ಡಬ್ಬಿಯಲ್ಲಿತ್ತು. ಹೊಲಿಗೆಯಂತ್ರದ ಮೋಟರು ಬಿಚ್ಚಿಟ್ಟು ಕಾಲಲ್ಲಿ ತುಳಿಯತೊಡಗಿದ್ದರು. ಯಾಕೆಂದು ಕೇಳಿದ್ದಕ್ಕೆ ಕಾಲಿಗೆ ವ್ಯಾಯಾಮವಾಗಲಿ ಎಂದಿದ್ದರು. ನಾನು ನಂಬಿದ್ದೆ. (ಕಥೆಗಾರನ ಸೂಕ್ಷ್ಮದೃಷ್ಟಿ ಗಮನಿಸಿ.)

3

ಹತ್ತು ದಿನದಲ್ಲಿ ಸಂಪರ್ಕ ಕಡಿತ ಎಂಬ ಚೀಟಿ ಬಾಗಿಲಿಗೆ ಅಂಟಿದಾಗಲೇ ನನಗೆ ಗೊತ್ತಾದದ್ದು. ನಾನು ಕಟ್ಟುತ್ತೇನೆ ಎಂದೆ. "ನಿನ್ನ ಕಥೆಗಳಿಗೆ ಎಷ್ಟು ಕೊಡ್ತಾರೆ ಅಂತ ನಂಗೊತ್ತು ಬಿಡು" ಎಂದರು. ಅಣ್ಣನ ಬಸ್ಸಿನ ಕಂಡಕ್ಟರ್, ಹೀಗೆ ಬಾಕಿ ಬಿದ್ದವರಿಗೆಂದೇ ಒಂದು ಉಚಿತ ಸಲಹಾ ಕೇಂದ್ರವಿದೆ ಎಂದ. ಇನ್ನೊಬ್ಬರ ಮುಂದೆ ಕೈಚಾಚುವವಳಲ್ಲ ನಾನು ಎಂದು ಅತ್ತಿಗೆ ಮುಖ ತಿರುಗಿಸಿದರು. ಆಗ ಅಣ್ಣ ಮಲಗಿದಲ್ಲಿಂದಲೇ ಬಾಯಿ ಸೊಟ್ಟ ಮಾಡಿ, ಕಷ್ಟಪಟ್ಟು ಒಂದು ಮಾತು ಹೊರಡಿಸಿದ.

"ಹೋ... ಗು."

ಮದುವೆಯಾದಾಗಿನಿಂದ ಅತ್ತಿಗೆ ಅವನ ಮಾತು ಕೇಳಿದ್ದು ಅದೇ ಮೊದಲು.

4

ಸಲಹೆಗಾರ್ತಿಗೆ ಜೋರು ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಫಾರಂ ಕೊಟ್ಟರು. 'ಇತ್ತೀಚೆಗೆ ಮನೆಯಲ್ಲಿ ಏನಾದರೂ ತೊಂದರೆ?' ಎಂಬಲ್ಲಿ ಅತ್ತಿಗೆ, 'ಇಲ್ಲ' ಎಂದು ದುಂಡಗೆ ಬರೆದರು. ಆಕೆ ಅದನ್ನು ಓದಿ, ಫಾರಂ ಪಕ್ಕಕ್ಕಿಟ್ಟರು.

"ಅಕ್ಕ, ನೀವು ಬಿಸಿನೀರಲ್ಲಿ ಸ್ನಾನ ಮಾಡಿ ಎಷ್ಟು ದಿನ ಆಯ್ತು?"

ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಅವರು ಬಿದ್ದ ದಿನ ಬೆಳಿಗ್ಗೆ ಮಾಡಿದ್ದು."

(ಇಲ್ಲೊಂದು ಉಪಮೆ ಇತ್ತು. ನನಗೇ ನಾಚಿಕೆಯಾಗಿ ತೆಗೆದೆ.)

ಆಮೇಲೆ ಅತ್ತರು. ಇದನ್ನು ಬರೆಯಬೇಡ ಎಂದಿದ್ದಾರೆ. ಕ್ಷಮಿಸಿ ಅತ್ತಿಗೆ.

5, ಅಥವಾ ಯಾವುದು ಬೇಕೋ ಆರಿಸಿಕೊಳ್ಳಿ

ಮೊದಲನೆಯ ಅಂತ್ಯ: ಬಾಕಿ ಪೂರ್ತಿ ಮನ್ನಾ, ಅಣ್ಣ ಎದ್ದು ನಡೆಯುತ್ತಾನೆ. ಇದನ್ನು ಕೇಳಿ ಅತ್ತಿಗೆ ನಕ್ಕುಬಿಟ್ಟರು.

ಎರಡನೆಯದು: ಹತ್ತನೆಯ ದಿನ ಕರೆಂಟು ಹೋಗುತ್ತದೆ. ಕತ್ತರಿ ನನ್ನ ಕಡೆ ತಿರುಗಿತು.

ನಡೆದದ್ದು ಇಷ್ಟು. ಸಲಹೆಗಾರ್ತಿ ಅಲ್ಲಿಂದಲೇ ವಿದ್ಯುತ್ ಕಚೇರಿಗೆ ಫೋನು ಮಾಡಿದರು. ಡಾಕ್ಟರ ಪತ್ರ ತಲುಪಿದ ಮೇಲೆ, ಯಂತ್ರವನ್ನು ನಂಬಿದ ರೋಗಿ ಇರುವ ಮನೆಯೆಂದು ದಾಖಲಾಗಿ ಕಡಿತ ನಿಂತಿತು. ಒಂದು ಪರಿಹಾರ ನಿಧಿ ಬಾಕಿಯ ಮೂರನೇ ಒಂದು ಪಾಲು ಕಟ್ಟಿತು. ಮಿಕ್ಕದ್ದು ಇಪ್ಪತ್ತನಾಲ್ಕು ಕಂತು. ನಿನ್ನೆ ಅತ್ತಿಗೆ ಮೊದಲನೆಯದನ್ನು ಕಟ್ಟಿ ಬಂದು ರಸೀದಿಯನ್ನು ಅಣ್ಣನ ಎಡಗೈಗೆ ಕೊಟ್ಟರು. ಅವನು ಅದನ್ನು ಖೋಟಾ ನೋಟು ಪರೀಕ್ಷಿಸುವವನ ಹಾಗೆ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಅತ್ತಿಗೆ ಅವನ ತಲೆಗೆ ಮೆತ್ತಗೆ ಮೊಟಕಿದರು.

ಇಲ್ಲಿಗೆ 'ಮುಗಿಯಿತು' ಎಂದು ಬರೆದು ಇಬ್ಬರಿಗೂ ಓದಿ ಹೇಳಿದೆ. ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತಾ ತಲೆಯೆತ್ತಿದರು.

"ಇನ್ನೂ ಇಪ್ಪತ್ಮೂರು ಕಂತಿದೆ. ಮುಗೀತು ಅನ್ನೋಕೆ ನೀನ್ಯಾರಪ್ಪಾ?"