ಯಂತ್ರ ಇಡುವ ಜಾಗ

ಬಸವಕುಮಾರನಿಗೆ ಆ ಹುಡುಗಿಯ ಮೇಲೆ ಅನುಮಾನ ಬಂದದ್ದು ಅವಳು ಏನೋ ಅಂದದ್ದಕ್ಕಲ್ಲ, ಅನ್ನದೆ ಸುಮ್ಮನಿದ್ದದ್ದಕ್ಕೆ.

ಅರಸೀಕೆರೆಯ ಅಂಚಿನಲ್ಲಿ ಅವನ ಗುಂಡಿಗಳಿದ್ದವು. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಕಸುಬು, ಅದೂ ಬೇಸಿಗೆಯಲ್ಲೇ ಜೋರು. ಊರಿನ ಗಾಳಿಯಲ್ಲಿ ಓಜೋನ್ ಮಿತಿ ಮೀರದಂತೆ ನೋಡಿಕೊಳ್ಳಲು ನಗರಸಭೆ ಯೋಜನೆ ಮಾಡುತ್ತಿತ್ತು. ಅಳತೆ ಹೆಚ್ಚು ಬಂದರೆ ಬೇಸಿಗೆಯ ಹಗಲಿನಲ್ಲಿ ಗುಂಡಿಗೆ ಬೆಂಕಿ ಹಾಕುವಂತಿಲ್ಲ. ಓಜೋನ್ ಅಳೆಯುವ ಯಂತ್ರ ಇಡಲು ನಗರಸಭೆಯ ಪರಿಸರ ಎಂಜಿನಿಯರ್ ರಮಾ ಎಂಬ ಆ ಹುಡುಗಿ ನೋಡಿದ್ದು ಅವನ ಗುಂಡಿಗಳ ಎದುರಿನ ಶಾಲೆಯ ತಾರಸಿ.

“ಯಾವೂರಮ್ಮ?” ಎಂದ, ಶಾಲೆ ನೋಡಿ ಅವನ ಗುಂಡಿಗಳ ಹತ್ತಿರ ಬಂದವಳನ್ನು.

“ಹಗರೆ, ಸಾರ್.”

“ಹಗರೇಲಿ ಯಾರ ಪೈಕಿ?”

“ಗಿಡ್ಡಯ್ಯನವರ ಮಗಳು.”

ಅವನಿಗೆ ಕೇರಿ ಗೊತ್ತಾಯಿತು. ಅವಳಿಗೆಂದು ಕುರ್ಚಿ ಎಳೆಯಲು ಚಾಚಿದ್ದ ಕೈ ಅಲ್ಲೇ ನಿಂತಿತು. ಅವಳು ಅದನ್ನು ನೋಡಿದಳು. ಏನೂ ಅನ್ನಲಿಲ್ಲ.

ಅದಾದ ಮೇಲೆ ಅವನಿಗೆ ನೆಮ್ಮದಿಯಿಲ್ಲ. ನೋಡಿದವಳು ಮರೆಯುತ್ತಾಳೆಯೇ? ಊರಲ್ಲಿ ಬೇರೆ ತಾರಸಿಗಳಿಗೇನು ಬರವಿತ್ತೆ? ಜಾವಗಲ್ ರಸ್ತೆಯಲ್ಲಿ ತನ್ನ ತೋಟವಿದೆ, ಕಟ್ಟೆಯ ಪಕ್ಕ, ಹೊಗೆಯ ಸುಳಿವಿಲ್ಲದ ಜಾಗ. ಯಂತ್ರ ಅಲ್ಲಿಡಿ, ಬಾಡಿಗೆ ಬೇಡ ಎಂದು ಯಾರಿಗೂ ತಿಳಿಸದೆ ನಗರಸಭೆಗೆ ಅರ್ಜಿ ಕೊಟ್ಟ.

ರಮಾ ತೋಟ ನೋಡಿ ಹೇಳಿದಳು. “ನಿಯಮಕ್ಕೆ ಈ ಜಾಗವೂ ಆಗುತ್ತೆ ಸಾರ್. ಆದ್ರೆ ಇಲ್ಲಿ ಹೆಚ್ಚು ತೋರಿಸಬಹುದು. ಓಜೋನ್ ಹೊಗೆ ಎದ್ದ ಕಡೆಯೇ ಇರಲ್ಲ. ಹೊಗೆ ಬಿಸಿಲಲ್ಲಿ ಬೇಯ್ತಾ ಬೇಯ್ತಾ ಗಾಳಿ ಹೋದ ಕಡೆ ಹುಟ್ಟುತ್ತೆ, ನಿಮ್ಮ ಗುಂಡಿ ಕಡೆಯ ಗಾಳಿ ಇತ್ತಲೇ ಬೀಸುತ್ತೆ. ನೀವು ಯೋಚನೆ ಮಾಡಿ.”

ಅವನು ಒಳಗೊಳಗೇ ನಕ್ಕ. ಹೆದರಿಸಿ ಮತ್ತೆ ಶಾಲೆಗೇ ಎಳೆಯುವ ಉಪಾಯ! “ಯೋಚನೆ ಆಗಿದೆ, ಇಡಮ್ಮ” ಎಂದ. ಉಳಿದ ಗುಂಡಿಯವರು ಕೇಳಿದಾಗ, “ಆಫೀಸಿನವರೇ ಬಂದು ಕೇಳಿದ್ರು, ಇಲ್ಲ ಅನ್ನಕ್ಕಾಗುತ್ತಾ?” ಅಂದುಬಿಟ್ಟ.

ಮಾರ್ಚಿ ಬಂತು. ತೋಟದ ಅಳತೆ ಮಧ್ಯಾಹ್ನ ಮಧ್ಯಾಹ್ನ ಮಿತಿ ದಾಟಿತು. ಅವನ ಗುಂಡಿಗಷ್ಟೇ ಅಲ್ಲ, ಸುತ್ತಲಿನ ಎಲ್ಲ ಗುಂಡಿಗಳಿಗೂ ಹಗಲಿನ ಬೆಂಕಿ ನಿಲ್ಲಿಸುವುದೆಂದು ಕರಡು ತಯಾರಾಯಿತು.

ಅಹವಾಲು ಕೇಳುವ ಸಭೆಯಲ್ಲಿ ಗುಂಡಿಯವರ ಪೈಕಿ ಹಿರಿಯನಾದ ಕೆಂಚಪ್ಪ ಎದ್ದು ನಿಂತು ರಮಾಳ ಕಡೆ ಕೈ ತೋರಿಸಿದ. “ಈಯಮ್ಮ ಬೇಕಂತ್ಲೇ ಹೆಚ್ಚು ತೋರ್ಸೋ ಕಡೆ ಹುಡುಕಿ ಇಟ್ಟವ್ಳೆ. ನಮ್ ಹೊಟ್ಟೆ ಮ್ಯಾಲೆ ಹೊಡೆಯಕ್ಕೇ ಬಂದವ್ಳೆ. ಮೊದ್ಲು ಇವ್ಳನ್ನ ವರ್ಗ ಮಾಡ್ಸಿ, ಆಮೇಕೆ ನಿಮ್ ಯೋಜನೆ!”

ಹೌದು ಹೌದು ಎಂದು ಎಲ್ಲರೂ ಕೂಗಿದರು.

ಬಸವಕುಮಾರ ಕಾದ. ಅವಳು ಈಗ ಅರ್ಜಿಯ ಮಾತು ಎತ್ತುತ್ತಾಳೆ, ತನ್ನ ಮಾನ ಹರಾಜಾಗುತ್ತದೆ. ಎತ್ತಲಿಲ್ಲ. ಮೇಜಿನ ಮೇಲೆ ಕೈ ಜೋಡಿಸಿ ಕೂತಿದ್ದಳು. ಅವನ ಕಡೆ ತಿರುಗಲೂ ಇಲ್ಲ. ಯಾಕೆ? ಆಮೇಲೆ ಇದನ್ನೇ ಹಿಡಿದು ಏನು ಕೇಳುತ್ತಾಳೆ? ಮನಸ್ಸಿನಲ್ಲೇ ಹುಡುಕಿದ. ಅವಳು ಏನಾದರೂ ಕೇಳಿದ್ದು ಒಂದೂ ನೆನಪಿಗೆ ಬರಲಿಲ್ಲ. ಎಚ್ಚರಿಸಿದ್ದು ಮಾತ್ರ ಬಂತು.

ಅವನು ಎದ್ದ.

“ಜಾಗ ಹುಡುಕಿದ್ದು ಅವರಲ್ಲ, ನಾನು. ಅರ್ಜಿ ಕೊಟ್ಟು ಇಡಿಸಿದ್ದೂ ನಾನೇ. ಇಲ್ಲಿ ಹೆಚ್ಚು ಬರುತ್ತೆ ಅಂತ ಅವರು ಹೇಳಿದ್ರು. ನಾನು ನಂಬಲಿಲ್ಲ.”

ಕೆಂಚಪ್ಪ ಅವನನ್ನು ಮೇಲಿಂದ ಕೆಳಗಿನವರೆಗೂ ಅಳೆದ.

“ಓಹೋ! ನಿನ್ ಗುಂಡಿ ಒಂದನ್ನ ಬಿಡ್ತೀವಿ ಅಂದವ್ರೇನ್ಲಾ ಬಸಣ್ಣ?”

“ಇಲ್ಲ ಕೆಂಚಪ್ಪಣ್ಣ” ಎಂದ ಬಸವಕುಮಾರ.

ಯಾರೂ ನಂಬಲಿಲ್ಲ.