ಉಡಿಯ ಹಣಕ್ಕೂ ರಸೀದಿ ಕೇಳಿ

ಹೊರದೇಶದಿಂದ ಹಣ ಬಂದರೆ ಬಿಡಿಸಿಕೊಳ್ಳುವುದು ಹೇಗೆ ಅಂತ ನಮ್ಮ ಕಲಬುರಗಿ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದುಬೈ, ಸೌದಿಯಲ್ಲಿ ದುಡಿಯುವವರ ಮನೆಗಳು ಜೇವರ್ಗಿಯಲ್ಲೂ ಇವೆ, ಅಫಜಲಪುರದಲ್ಲೂ ಇವೆ, ಆಳಂದದಲ್ಲೂ ಇವೆ. ಆದರೆ ಇಲ್ಲಿಂದ ಅಲ್ಲಿಗೆ ಹಣ ಕಳಿಸಬೇಕಾಗಿ ಬಂದರೆ? ಆಗ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಸರಿಯಾಗಿ ಅದೇ ಹೊತ್ತಿಗೆ ಒಬ್ಬ ‘ದೊಡ್ಡ ಮನುಷ್ಯ’ ಬಂದು ನಿಲ್ಲುತ್ತಾನೆ. ಅವನ ಬಗ್ಗೆ ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದುತ್ತಾ ನಿಮಗೂ ಸಿಟ್ಟು ಬಂದರೆ ಬರಲಿ.

ನಾನು ಶಿವಕಾಂತಾ, ಕೊಳಕೂರಿನ ಬ್ಯಾಂಕ್ ಸಖಿ. ಬೆರಳು ಒತ್ತಿಸಿಕೊಂಡು ಪಿಂಚಣಿ, ಕೂಲಿ ಹಣ ಕೊಡುವ ಚಿಕ್ಕ ಮಷಿನ್ ನನ್ನ ಹತ್ತಿರ ಇರುತ್ತದೆ. ಮಾಳಮ್ಮ ನಮ್ಮ ಮಹಿಳಾ ಸ್ವಸಹಾಯ ಸಂಘದ ಸದಸ್ಯೆ. ದಿನಕ್ಕೆ ನೂರು ಜೋಳದ ರೊಟ್ಟಿ ಬಡಿದು ಜೇವರ್ಗಿಯ ಖಾನಾವಳಿಗಳಿಗೆ ಕೊಡುತ್ತಾಳೆ. ಅವಳ ಗಂಡ ಪೀರಪ್ಪ ಗೌಂಡಿ. ಒಬ್ಬಳೇ ಮಗಳು ಪಲ್ಲವಿ. ಕಲಬುರಗಿಯಲ್ಲಿ ನರ್ಸಿಂಗ್ ಓದಿ, ಹಟ ಹಿಡಿದು ಜರ್ಮನ್ ಭಾಷೆ ಕಲಿತು, ಹೋದ ವರ್ಷ ಜರ್ಮನಿಗೆ ಹೋದಳು. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಸಹಾಯಕಿ. ಬರುವ ಸಂಬಳ ಬಾಡಿಗೆಗೆ, ಊಟಕ್ಕೆ ಸರಿಹೋಗುತ್ತದೆ. ಅಲ್ಲಿನ ಪರೀಕ್ಷೆ ಪಾಸಾದರೆ ಮಾತ್ರ ಪೂರ್ತಿ ನರ್ಸ್, ಪೂರ್ತಿ ಸಂಬಳ.

ಒಂದು ಬುಧವಾರ ಪಲ್ಲವಿ ಫೋನ್ ಮಾಡಿದಳು.

“ಯವ್ವಾ, ಪರೀಕ್ಷಾ ಫೀಸು, ತರಬೇತಿ ಫೀಸು ಕೂಡಿ ಆರನೂರು ಯೂರೋ ಕಟ್ಬೇಕಾಗ್ಯದ. ಬರೋ ವಾರ ಶುಕ್ರವಾರ ಕಡೀ ದಿನ. ತಪ್ಪಿದ್ರ ಮತ್ತ ಆರು ತಿಂಗಳ ಕಾಯ್ಬೇಕು. ಅಷ್ಟರಾಗ ನನ್ನ ವೀಸಾ ಮುಗೀತದ. ವಾಪಸ್ ಬರಬೇಕಾಗ್ತದ.”

“ನೀ ಓದ್ಕೋತ ಇರು. ರೊಕ್ಕ ಅದ,” ಎಂದಳು ಮಾಳಮ್ಮ.

ಹಣ ಇತ್ತು. ಸಾಲದ್ದಲ್ಲ, ರೊಟ್ಟಿಯದು. ಗೊತ್ತಿರದೆ ಇದ್ದದ್ದು ದಾರಿ. ಮರುದಿನ ಮುಂಜಾನೆ ಅವಳು ನನ್ನ ಹತ್ತಿರ ಬಂದಳು.

“ಶಿವಕಾಂತಾ, ನಿನ್ನ ಮಿಷನ್ನಿನಾಗ ಜರ್ಮನಿಗಿ ರೊಕ್ಕ ಹೋಗ್ತದೇನ್ಬೇ?”

“ಇಲ್ಲಕ್ಕಾ, ಇದ್ರಾಗ ಹೋಗಂಗಿಲ್ಲ.”

ಅಷ್ಟೇ ಹೇಳಿದೆ. ಪಾಳಿಯಲ್ಲಿ ಹನ್ನೆರಡು ಜನ ನಿಂತಿದ್ದರು. ‘ನಡಿ, ಬ್ಯಾಂಕಿನಲ್ಲಿ ಕೇಳೋಣ’ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಹೆಸರಿಗೆ ಬ್ಯಾಂಕ್ ಸಖಿ! ಆ ಸಿಟ್ಟು ನನ್ನ ಮೇಲೇ ಇದೆ, ಇವತ್ತಿಗೂ ಇಳಿದಿಲ್ಲ.

ಮಾಳಮ್ಮ ಮನೆಗೆ ಹೋದರೆ ಪೀರಪ್ಪ ದಾರಿ ಹುಡುಕಿಯೇ ಇಟ್ಟಿದ್ದ. ಚೌಡಾಪುರದಲ್ಲಿ ಕಲ್ಯಾಣಕುಮಾರ ಅಂತ ಒಬ್ಬನಿದ್ದಾನೆ. ಮೊಬೈಲ್ ಅಂಗಡಿ, ಟ್ರಾವೆಲ್ಸ್, ಜೊತೆಗೆ ‘ಫಾರಿನ್ ಮನಿ’ ಅಂತ ಬೋರ್ಡು. ಆ ಅಂಗಡಿಯ ಗೋಡೆ ಕಟ್ಟಿದ್ದೇ ಪೀರಪ್ಪ. ಕೂಲಿ ಸರಿಯಾಗಿ ಕೊಟ್ಟಿದ್ದನಂತೆ. ಹೀಗಾಗಿ ಒಳ್ಳೆಯವನು!

ಇನ್ನು ಮಾಳಮ್ಮ ಮಾಡಿದ್ದು ಕೇಳಿ. ನಮ್ಮಲ್ಲಿ ಮಗಳನ್ನು ಬರಿ ಉಡಿಯಲ್ಲಿ ಕಳಿಸುವ ರೂಢಿ ಇಲ್ಲ. ಜರ್ಮನಿಯಲ್ಲಿರುವ ಮಗಳಿಗೆ ಉಡಿ ತುಂಬಿ ವರ್ಷವಾಗಿತ್ತು. ಹೊಸ ಕುಪ್ಪಸದ ಖಣದಲ್ಲಿ ಒಂದು ಹಿಡಿ ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ, ಒಣಕೊಬ್ಬರಿ ಇಟ್ಟು, ಅದರ ನಡುವೆ ಅರವತ್ತಾರು ಸಾವಿರ ರೂಪಾಯಿ ಇಟ್ಟು ಗಂಟು ಕಟ್ಟಿದಳು. ಹಣ ಕೈಯಿಂದ ಕೈಗೆ ಹೋಗಬೇಕು, ತವರಿನ ಉಡಿಯಾಗಿ ಹೋಗಬೇಕು ಅನ್ನುವುದು ಅವಳ ಆಸೆ. ತಾಯಿಯ ಆಸೆಯಲ್ಲಿ ತಪ್ಪೇನಿದೆ? ತಪ್ಪು, ಆ ಗಂಟು ನೋಡಿದ ಕೂಡಲೇ ಇವರನ್ನು ಹೇಗೆ ಬುಟ್ಟಿಗೆ ಹಾಕಿಕೊಳ್ಳಬೇಕೆಂದು ಲೆಕ್ಕ ಹಾಕಿದವನದು.

ಅವತ್ತೇ ಮಧ್ಯಾಹ್ನ ಇಬ್ಬರೂ ಗಂಟು ಹಿಡಿದು ಚೌಡಾಪುರದ ಅಂಗಡಿಗೆ ಹೋದರು. “ನಿನ್ನ ಮಗಳ ಕೈಯಾಗೇ ಕೊಡಸ್ತೇನಿ ಯಕ್ಕಾ,” ಎಂದ ಕಲ್ಯಾಣಕುಮಾರ. “ಅಲ್ಲಿ ನಮ್ಮ ಮನುಷ್ಯಾ ಇದ್ದಾನ. ಬ್ಯಾಂಕಿಗಿ ಹೋದ್ರ ಹತ್ತು ಕಾಗದ, ಹದಿನೈದು ದಿನ. ನಾ ನಾಳಿ ಸಂಜೀಕ ಮುಟ್ಟಸ್ತೇನಿ.”

“ಚೀಟಿ ಏನರ ಕೊಡ್ತೀರೇನ್ರಿ?” ಎಂದು ಪೀರಪ್ಪ ಕೇಳಿದ.

ಕಲ್ಯಾಣಕುಮಾರ ಎರಡೂ ಕಿವಿ ಮುಟ್ಟಿಕೊಂಡ. “ಅಯ್ಯಯ್ಯ ಪೀರಪ್ಪಾ! ಉಡಿ ರೊಕ್ಕಕ್ಕ ರಸೀದಿ ಕೇಳ್ತಾರೇನು? ಮಗಳಿಗಿ ಅಪಶಕುನ ಅಲ್ಲೇನು?”

ಇಷ್ಟಾದ ಮೇಲೆ ಯಾರು ಬಾಯಿ ತೆರೆಯುತ್ತಾರೆ? ಮಾಳಮ್ಮನೇ ಗಂಡನ ಮೊಳಕೈ ತಿವಿದು ಸುಮ್ಮನಿರಿಸಿದಳು. ಆಮೇಲೆ ಅವನು ಇವರಿಂದಲೇ ಹತ್ತು ರೂಪಾಯಿಯ ಒಂದು ನೋಟು ಕೇಳಿ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ವಾಪಸು ಕೊಟ್ಟ. “ಈ ನೋಟಿನ ನಂಬರೇ ನಿಮ್ಮ ಗುರುತು. ಮಗಳು ಈ ನಂಬರ ಹೇಳಿದ್ರ ನಮ್ಮಾಂವ ಯೂರೋ ಎಣಿಸಿ ಕೊಡ್ತಾನ,” ಎಂದ. ಮಾಳಮ್ಮ ಆ ನೋಟನ್ನು ಮನೆಗೆ ತಂದು ಬುದ್ಧನ ಫೋಟೊದ ಮುಂದೆ ಇಟ್ಟಳು. ಅರವತ್ತಾರು ಸಾವಿರ ತೆಗೆದುಕೊಂಡು ಹತ್ತು ರೂಪಾಯಿ ಕೊಟ್ಟ. ಆ ಹತ್ತೂ ಇವರದೇ!

ಶುಕ್ರವಾರ ಪಲ್ಲವಿಯ ಹತ್ತಿರ ಯಾರೂ ಬರಲಿಲ್ಲ. ಶನಿವಾರ ರೈಲು ನಿಲ್ದಾಣದ ಹತ್ತಿರ ಬಾ ಎಂದು ಪಲ್ಲವಿಗೆ ಸಂದೇಶ ಹೋಯಿತು. ಆ ಹುಡುಗಿ ರಜೆ ಹಾಕಿ, ಚಳಿಯಲ್ಲಿ ನಾಲ್ಕು ತಾಸು ನಿಂತಳು. ಯಾರೂ ಬರಲಿಲ್ಲ. ಅವತ್ತು ಸಂಜೆಯಿಂದ ಕಲ್ಯಾಣಕುಮಾರನ ಫೋನ್ ಬಂದ್.

ಭಾನುವಾರ ಯಾಸ್ಮೀನ ಟೀಚರ್ ರೊಟ್ಟಿ ಒಯ್ಯಲು ಬಂದರು. ಆಳಂದದವರು, ಜೇವರ್ಗಿಯ ಶಾಲೆಯಲ್ಲಿ ಕಲಿಸುತ್ತಾರೆ. ಬಂದು ನೋಡಿದರೆ ಮಾಳಮ್ಮನ ಒಲೆ ಹೊತ್ತಿಲ್ಲ. ಗಂಡ ಹೆಂಡತಿ ಇಬ್ಬರೂ ಮೂಲೆಗೊಬ್ಬರು ಕೂತಿದ್ದಾರೆ. ನನ್ನನ್ನೂ ಕರೆಸಿದರು. ನಡೆದದ್ದನ್ನೆಲ್ಲ ಕೇಳಿ ಟೀಚರ್ ಮುಖ ಕೆಂಪಾಯಿತು.

“ಇದಕ್ಕ ಹವಾಲಾ ಅಂತಾರ, ಮಾಳಮ್ಮಕ್ಕ. ಕಾನೂನಿಗಿ ವಿರುದ್ಧ. ನನ್ನ ತಮ್ಮ ಅಜೀಮ ಕಡಗಂಚಿ ಯುನಿವರ್ಸಿಟಿಯಾಗ ಓದಿ ಪೋಲೆಂಡಿಗಿ ಹೋಗ್ಯಾನ. ಅವಂಗ ನಾ ಮೂರು ಸಲ ರೊಕ್ಕ ಕಳಿಸೇನಿ. ಬ್ಯಾಂಕಿನಾಗೇ ಕಳಿಸೇನಿ. ನನಗ ಯಾಕ ಒಂದ್ ಮಾತ ಕೇಳಲಿಲ್ಲ?”

“ಬ್ಯಾಂಕಿನಾಗ ನಮ್ಮಂಥಾವ್ರನ್ನ ಯಾರು ಕೇಳ್ತಾರ್ರಿ ಟೀಚರ್?” ಎಂದ ಪೀರಪ್ಪ. “ಗೌಂಡಿ ಜರ್ಮನಿಗಿ ರೊಕ್ಕ ಕಳಸ್ತಾನಂದ್ರ ನಗ್ತಾರ. ಮ್ಯಾಲೆ ಹತ್ತಾರು ಕಾಗದ ಕೇಳ್ತಾರ.”

“ನಗ್ಲಿ! ಕಾಗದ ಕೇಳ್ತಾರ, ಖರೇ. ನಿಮ್ಮ ರೊಕ್ಕ ಯಾರಿಗಿ, ಎಲ್ಲಿಗಿ, ಯಾತಕ್ಕ ಹೋತು ಅಂತ ನಾಳಿ ಹೇಳಲಿಕ್ಕೇ ಕೇಳ್ತಾರ. ಕಾಗದ ಕೇಳದಾವ ನಿಮಗ ಏನ್ ಹೇಳ್ದ ಈಗ?”



ಸೋಮವಾರ ನಾಲ್ವರೂ ಚೌಡಾಪುರಕ್ಕೆ ಹೋದೆವು. ಕಲ್ಯಾಣಕುಮಾರ ಅಂಗಡಿಯಲ್ಲೇ ಇದ್ದ, ಚಹಾ ಕುಡಿಯುತ್ತಿದ್ದ. “ಯಾವ ರೊಕ್ಕ? ಏನ್ ಸಾಕ್ಷಿ ಅದ?” ಎಂದ. ಪೀರಪ್ಪ ಪೊಲೀಸರ ಹೆಸರು ಎತ್ತಿದ್ದೇ ತಡ, ಅವನು ನಕ್ಕ.

“ಹೋಗಲೇ, ಹೋಗು. ಇದು ಹವಾಲಾ. ಕೊಟ್ಟಾಂವನೂ ಒಳಗ ಹೋಗ್ತಾನ. ನಿನ್ನ ಮಗಳ ವೀಸಾನೂ ಹೋಗ್ತದ.”

ಪೀರಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಕಳ್ಳತನ ಮಾಡಿದವನು ಚಹಾ ಕುಡಿಯುತ್ತಾನೆ, ಕಳೆದುಕೊಂಡವನು ನಡುಗುತ್ತಾನೆ. ಇದ್ಯಾವ ನ್ಯಾಯ ಹೇಳಿ! ಇಂಥವರು ಬದುಕುವುದೇ ನಮ್ಮ ಈ ಹೆದರಿಕೆಯ ಮೇಲೆ.

ಆದರೆ ಮಾಳಮ್ಮ ಹೆದರಲಿಲ್ಲ. ರಸ್ತೆಗೆ ಕೇಳುವಂತೆ ಕೂಗಿದಳು.

“ಒಂದ್ ರೊಟ್ಟಿಗಿ ನನಗ ಮೂರು ರೂಪಾಯಿ ಉಳೀತದ. ಇಪ್ಪತ್ತೆರಡು ಸಾವಿರ ರೊಟ್ಟಿ ಬಡದೇನಿ ಆ ರೊಕ್ಕಕ್ಕ! ನೋಡು ನನ್ನ ಅಂಗೈ. ನಾ ಒಳಗ ಹೋಗಾಕ ತಯಾರ ಇದ್ದೇನಿ. ನೀ ಇದ್ದೀಯೇನಲೇ?”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಸುತ್ತ ನಿಂತರು. ಕಲ್ಯಾಣಕುಮಾರ ಶಟರ್ ಎಳೆದುಕೊಂಡು ಹಿಂದಿನ ಬಾಗಿಲಿಂದ ಹೋದ.

ನಾವು ನೇರ ಠಾಣೆಗೆ ಹೋದೆವು. ಟೀಚರ್ ದೂರು ಬರೆದರು. “ಗೊತ್ತಿಲ್ಲದ ಮೋಸ ಹೋದಾವ್ರು ತಾವೇ ಹೋಗಿ ಹೇಳ್ಬೇಕು ಪೀರಪ್ಪಣ್ಣ. ಮುಚ್ಚಿಟ್ರ ಅಂವಗ ಫಾಯ್ದಾ,” ಎಂದು ಧೈರ್ಯ ಹೇಳಿದರು. ಕಲ್ಯಾಣಕುಮಾರ ಪಲ್ಲವಿಗೆ ಕಳಿಸಿದ ಸಂದೇಶಗಳು, ಹತ್ತರ ನೋಟಿನ ನಂಬರು, ಫೋನ್ ಮಾಡಿದ ಸಮಯ ಎಲ್ಲವನ್ನೂ ಪೊಲೀಸರು ಬರೆದುಕೊಂಡರು. ದೂರಿಗೆ ಸ್ವೀಕೃತಿ ಕೇಳಿ ಪಡೆದೆವು.

ಆದರೆ ಫೀಸು ಕಟ್ಟುವ ಕಡೆಯ ಶುಕ್ರವಾರ ಹತ್ತಿರ ಬರುತ್ತಿತ್ತು. ಅವತ್ತೇ ಸಂಜೆ ಸಂಘ ಸೇರಿತು. ಸಂಘದ ನಿಧಿಯಿಂದ ಮಾಳಮ್ಮನ ಖಾತೆಗೆ ಅರವತ್ತಾರು ಸಾವಿರ ಸಾಲ ಹಾಕುವುದೆಂದು ಹದಿನಾಲ್ಕು ಜನರೂ ಸಹಿ ಮಾಡಿದೆವು.

ಮಂಗಳವಾರ ಜೇವರ್ಗಿಯ ಶಾಖೆಯಲ್ಲಿ ಮೊದಲು ಆ ಹಣ ಮಾಳಮ್ಮನ ಖಾತೆಗೆ ಹೋಯಿತು. ವಿದೇಶಕ್ಕೆ ಕಳಿಸುವ ಕೆಲಸ ಎಲ್ಲ ಶಾಖೆಯಲ್ಲೂ ಆಗುವುದಿಲ್ಲ, ಕಲಬುರಗಿಯ ದೊಡ್ಡ ಶಾಖೆಗೆ ಹೋಗಿ ಎಂದರು. ಹೋದೆವು. ಅಲ್ಲಿನ ಗುಮಾಸ್ತ ಪೀರಪ್ಪನ ಸಿಮೆಂಟಿನ ಅಂಗಿಯನ್ನು ಒಮ್ಮೆ ನೋಡಿ, ಟೀಚರ್ ಕಡೆ ತಿರುಗಿ ಮಾತು ಶುರು ಮಾಡಿದ.

“ಖಾತೆ ನಂದಲ್ರಿ, ಅಕಿದು. ಅಕಿಗೇ ಹೇಳ್ರಿ,” ಎಂದರು ಟೀಚರ್.

ಅವನು ಮಾಳಮ್ಮನ ಕಡೆ ತಿರುಗಿದ. ಆಮೇಲೆ ಚೆನ್ನಾಗಿಯೇ ಹೇಳಿದ. ಕೇಳಿದ್ದೇನು? ಮಾಳಮ್ಮನ ಪಾಸ್‌ಬುಕ್ಕು, ಆಧಾರ್, ಪ್ಯಾನ್ ಕಾರ್ಡು. ಪಲ್ಲವಿಯ ಪಾಸ್‌ಪೋರ್ಟಿನ ನಕಲು, ಫೀಸು ಕಟ್ಟಬೇಕೆಂದು ಅಲ್ಲಿಂದ ಬಂದ ಪತ್ರ. ಅವಳ ಜರ್ಮನಿಯ ಬ್ಯಾಂಕಿನ ಹೆಸರು, ‘ಐಬ್ಯಾನ್’ ಎನ್ನುವ ಉದ್ದನೆಯ ಖಾತೆ ಸಂಖ್ಯೆ, ಆ ಬ್ಯಾಂಕಿನ ‘ಸ್ವಿಫ್ಟ್’ ಸಂಕೇತ. ಪಲ್ಲವಿ ಇದನ್ನೆಲ್ಲ ಮುಂಜಾನೆಯೇ ಫೋನಿಗೆ ಕಳಿಸಿದ್ದಳು. ಹಣ ಯಾತಕ್ಕೆ ಎಂದು ಬರೆಯುವ ಒಂದು ಅರ್ಜಿ, ಅದರ ಹೆಸರು ಎ-ಟು ಫಾರ್ಮ್. ಅಷ್ಟೇ! ಇಷ್ಟಕ್ಕೇ ಹೆದರಿ ಇವರು ಚೌಡಾಪುರಕ್ಕೆ ಹೋಗಿದ್ದರು.

ಸಹಿ ಹಾಕುವ ಮೊದಲು ಮಾಳಮ್ಮ ಪೆನ್ನು ಕೆಳಗಿಟ್ಟಳು.

“ತಡೀರಿ ಸಾಹೇಬ್ರ. ಇವತ್ತ ಒಂದು ಯೂರೋಕ್ಕ ಎಷ್ಟು ರೂಪಾಯಿ? ನಿಮ್ಮ ಚಾರ್ಜ ಎಷ್ಟು? ನಡುವ ಮತ್ಯಾವ ಬ್ಯಾಂಕರ ಹಿಡ್ಕೊಳ್ತದೇನು? ಕಡೀಕ ನನ್ನ ಮಗಳಿಗಿ ಪೂರಾ ಆರನೂರು ಮುಟ್ಟಬೇಕು. ಬರ್ದು ತೋರಸ್ರಿ.”

ಗುಮಾಸ್ತ ಒಂದೊಂದಾಗಿ ಬರೆದು ತೋರಿಸಿದ. ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ಟಿಸಿಎಸ್ ತೆರಿಗೆ ಇಷ್ಟು ಚಿಕ್ಕ ಮೊತ್ತಕ್ಕೆ ಇಲ್ಲ ಎಂದೂ ತಿಳಿಸಿದ. ಮಾಳಮ್ಮ ಸಹಿ ಹಾಕಿದಳು. ಖಾತೆಯಿಂದಲೇ ಹಣ ಹೋಯಿತು. ಕೈಗೆ ರಸೀದಿ ಬಂತು, ಅದರ ಮೇಲೆ ಹಣವನ್ನು ಹುಡುಕಬಲ್ಲ ಒಂದು ಸಂಖ್ಯೆ ಇತ್ತು. ಪೀರಪ್ಪ ಆ ರಸೀದಿಯನ್ನು ಎರಡು ಸಲ ಓದಿ ಮಡಚಿಟ್ಟುಕೊಂಡ.

ಬುಧವಾರ ಏನೂ ಸುದ್ದಿ ಬರಲಿಲ್ಲ. ಮಾಳಮ್ಮ ಅವತ್ತು ಹಿಟ್ಟು ನಾದಲಿಲ್ಲ. ಗುರುವಾರ ಮಧ್ಯಾಹ್ನ ಪಲ್ಲವಿಯ ಫೋನ್ ಬಂತು.

“ಯವ್ವಾ, ಬಂತು! ಆರನೂರೂ ಬಂತು. ಈಗೇ ಫೀಸು ಕಟ್ಟಿದೆ.”

ಪೀರಪ್ಪ ಫೋನ್ ತೆಗೆದುಕೊಂಡು, “ಮಗಳಾ, ನನ್ನಿಂದ ತಪ್ಪಾತು. ನಿನ್ನ ಚಳಿಯಾಗ ನಿಲ್ಲಿಸಿದೆ,” ಎಂದು ಅತ್ತ. ಅವನು ಅತ್ತದ್ದನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು.

ಪಲ್ಲವಿ ಪರೀಕ್ಷೆ ಬರೆದಳು, ಪಾಸಾದಳು. ಈಗ ಪೂರ್ತಿ ನರ್ಸ್. ಸಂಘದ ಸಾಲ ತಿಂಗಳು ತಿಂಗಳು ತೀರುತ್ತಿದೆ. ಕೆಲಸಕ್ಕೆ ಹೋದ ಕಡೆಯೆಲ್ಲ ಪೀರಪ್ಪ, “ಹೊರದೇಶಕ್ಕ ರೊಕ್ಕ ಕಳಸೋದಿದ್ರ ಬ್ಯಾಂಕಿಗಿ ನಡೀರಿ, ನಾ ಸಂಗಾಟ ಬರ್ತೇನಿ,” ಅನ್ನುತ್ತಾನೆ. ನಾಲ್ಕು ಮನೆಯವರ ಜೊತೆ ಹೋಗಿಯೂ ಬಂದಿದ್ದಾನೆ. ಆದರೆ ಮೊದಲಿನ ಅರವತ್ತಾರು ಸಾವಿರ ಇನ್ನೂ ಬಂದಿಲ್ಲ. ತನಿಖೆ ನಡೆದಿದೆ. ಬರುವವರೆಗೂ ನಾವು ಠಾಣೆಗೆ ಅಲೆಯುವುದನ್ನು ಬಿಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರು ಯಾವ ದೇಶದಲ್ಲೇ ಇರಲಿ, ಹಣ ಕಳಿಸುವ ದಾರಿ ಬ್ಯಾಂಕು. ಇಲ್ಲವೇ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಂಸ್ಥೆ, ಆ ಪರವಾನಗಿಯನ್ನೂ ಕಣ್ಣಾರೆ ನೋಡಿ. ಪ್ಯಾನ್ ಕಾರ್ಡು ಇರದಿದ್ದರೆ ಇವತ್ತೇ ಮಾಡಿಸಿ. ಕಡೆಯ ದಿನದವರೆಗೆ ಕಾಯಬೇಡಿ, ಹಣ ಮುಟ್ಟಲು ಕೆಲವು ದಿನ ಬೇಕು. ಎಷ್ಟು ಕಡಿತ, ಎಷ್ಟು ಮುಟ್ಟುತ್ತದೆ ಎಂದು ಬರೆಸಿಕೊಂಡೇ ಸಹಿ ಹಾಕಿ. ಬ್ಯಾಂಕಿನವರು ನಿಮ್ಮ ದೂರು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ. ಫೋನಿನಲ್ಲಿ, ಆನ್‌ಲೈನಿನಲ್ಲಿ ಹಣ ಹೋದರೆ ತಡ ಮಾಡದೆ 1930ಕ್ಕೆ ತಿಳಿಸಿ. ಕೈಯಲ್ಲಿ ಕೊಟ್ಟು ಮೋಸ ಹೋಗಿದ್ದರೆ ಠಾಣೆಗೆ ಹೋಗಿ. ಹವಾಲಾದಲ್ಲಿ ಕಳಿಸಿದವರಿಗೂ ಕಾನೂನಿನ ತೊಂದರೆ ಇದೆ, ಅದಕ್ಕೇ ಆ ಬಾಗಿಲು ತುಳಿಯಲೇ ಬೇಡಿ. ಬ್ಯಾಂಕ್ ಸಖಿಯರೇ, ನಿಮಗೂ ಒಂದು ಮಾತು: ‘ನನಗೆ ಗೊತ್ತಿಲ್ಲ’ ಎಂದು ಯಾರನ್ನೂ ಹಾಗೇ ಕಳಿಸಬೇಡಿ, ಗೊತ್ತಿರುವವರ ಹತ್ತಿರ ಕರೆದುಕೊಂಡು ಹೋಗಿ.

ಚೌಡಾಪುರದ ಆ ಬೋರ್ಡು ಈಗ ಇಳಿದಿದೆ. ಬೇರೆ ಊರಿನಲ್ಲಿ, ಬೇರೆ ಹೆಸರಿನಲ್ಲಿ ಏರುವುದಕ್ಕೆ ಎಷ್ಟು ಹೊತ್ತು? ನಾಳೆ ಅಂಥವನು ನಿಮ್ಮ ಮನೆ ಮುಂದೆಯೇ ನಿಂತು, ಹಣ ನುಂಗಿ, ‘ದೂರು ಕೊಟ್ಟರೆ ನೀನೂ ಒಳಗೆ ಹೋಗುತ್ತೀ’ ಎಂದು ಹೆದರಿಸಬಹುದು. ‘ಹಾಗಾದರೆ ನಡಿ, ಇಬ್ಬರೂ ಕೂಡಿಯೇ ಠಾಣೆಗೆ ಹೋಗೋಣ’ ಅನ್ನಿ. ಅವನು ಬರುವುದಿಲ್ಲ. ನೀವು ಹೋಗಿ.