ಸುಳ್ಳುಮಣಿ

ಏರ್‌ಬ್ಯಾಗಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅವನು ಶೆಡ್ಡಿನೊಳಗೆ ಬಂದ. ಬಿಳಿ ಕಾರು ನಿಂತಿದ್ದ ಜಾಗದಲ್ಲಿ ನೆಲದ ಎಣ್ಣೆ ಕಲೆ ಮಾತ್ರ ಕಾಣುತ್ತಿತ್ತು.

“ಅಕ್ಕಾ, ಬಿಳಿ ಕಾರೆಲ್ಲಿ?”

ಗಾಜಿನ ಕೋಣೆಯಲ್ಲಿ ಮೇಜು ಒರೆಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. “ಹೊಲಿಗೆ ಮೇಡಂ ಬಂದು ತಗೊಂಡು ಹೋದ್ರಲ್ಲ. ಎಷ್ಟು ಖುಷಿಪಟ್ರು ಗೊತ್ತಾ, ಪಾಪ.”

“ಯಾಕೆ ಕೊಟ್ಟೆ?”

“ಚೆನ್ನಾಗಿ ಕೇಳ್ತೀಯ! ದೀಪ ದೊಡ್ಡದು ಮಾಡಿದೀನಿ, ಬರ್ತೀನಿ ಅಂತ ನೀನೇ ಕೂಗಿ ಹೇಳಿ ಹೋಗ್ಲಿಲ್ವಾ?”

ಅವನು ಪೆಟ್ಟಿಗೆಯನ್ನು ಅವಳು ಒರೆಸುತ್ತಿದ್ದ ಮೇಜಿನ ಮೇಲೆ ಇಟ್ಟ.

ಗುದ್ದಿಸಿಕೊಂಡು ಬಂದ ಕಾರುಗಳ ಏರ್‌ಬ್ಯಾಗು, ಸೀಟ್ ಬೆಲ್ಟು ಬದಲಿಸುವುದು ತಮ್ಮನ ಕಸುಬು. ಗಿರಾಕಿಗಳನ್ನು ಮಾತನಾಡಿಸುವುದು, ಕೀಲಿ ಇಸಿದುಕೊಳ್ಳುವುದು, ಕೊಡುವುದು ಅಕ್ಕನದು. ಏರ್‌ಬ್ಯಾಗು ಸಿಡಿದ ಕಾರಿನಲ್ಲಿ ಸ್ಟೀರಿಂಗಿನ ಹಿಂದೆ ಒಂದು ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಎಲ್ಲ ಸರಿಹೋದ ಮೇಲೆ ಆರುತ್ತದೆ. ಆದರೆ ಅಕ್ಕನ ಎದುರು ‘ಆರಿತು’ ಅನ್ನುವಂತಿರಲಿಲ್ಲ. ಅದೂ ಸಾವಿನ ಬಾಯಿಂದ ಬಂದವರ ಕಾರಿನಲ್ಲಿ ದೀಪ ಆರಿತು ಅನ್ನುವುದುಂಟೆ? ‘ದೊಡ್ಡದಾಯ್ತು ಅನ್ನೋ, ನಿನ್ನ ಗಂಟೇನು ಹೋಗುತ್ತೆ’ ಎಂದು ಗದರಿ ಗದರಿ ಅವನ ನಾಲಿಗೆ ತಿದ್ದಿದ್ದಳು. ಬರಬರುತ್ತಾ ಆ ಶೆಡ್ಡಿನಲ್ಲಿ ದೀಪ ದೊಡ್ಡದಾಯ್ತು ಅಂದರೆ ಕೆಲಸ ಮುಗಿಯಿತು, ಕೀಲಿ ಕೊಡಬಹುದು ಎಂದೇ ಅರ್ಥವಾಗಿಬಿಟ್ಟಿತ್ತು.

ಇವತ್ತು ಅವನು ದೊಡ್ಡದು ಮಾಡಿದ್ದು ಬರೀ ದೀಪವನ್ನು. ಡ್ರೈವರ್ ಕಡೆಯ ಬ್ಯಾಗು ಕೂರಿಸಿಯಾಗಿತ್ತು, ಮುಂದಿನ ಎರಡೂ ಬೆಲ್ಟು ಹೊಸವು. ಪಕ್ಕದ ಸೀಟಿನ ಬ್ಯಾಗು ಮಾತ್ರ ಬೇರೆ ಯಾವುದೋ ಮಾದರಿಯದು ಬಂದಿತ್ತು. ಅದನ್ನು ಬದಲಾಯಿಸಿ ತರುವ ಮೊದಲು ಉಳಿದ ತಂತಿಗಳೆಲ್ಲ ಸರಿಯಿವೆಯೇ ನೋಡೋಣವೆಂದು, ಬ್ಯಾಗಿನ ತಂತಿಯ ತುದಿಗೆ ಕಡಲೆಕಾಳಿನಷ್ಟು ದಪ್ಪದ ರೆಸಿಸ್ಟರ್ ಸಿಕ್ಕಿಸಿದ್ದ. ಬ್ಯಾಗು ಇದೆ ಎಂದು ಅದು ಕಾರಿನ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಕಂಪ್ಯೂಟರು ನಂಬಿ ದೀಪ ಆರಿಸುತ್ತದೆ. ಅಕ್ಕತಮ್ಮ ಅದನ್ನು ಸುಳ್ಳುಮಣಿ ಅನ್ನುತ್ತಿದ್ದರು. ಕೆಲವರು ಸುಳ್ಳುಮಣಿಯನ್ನೇ ಒಳಗೆ ಬಿಟ್ಟು, ಮುಚ್ಚಿ, ಕಾರು ಸಾಗಹಾಕುತ್ತಾರೆ. ಅಂಥವರನ್ನು ಇವನು ಸಿಕ್ಕಸಿಕ್ಕವರೆದುರು ಉಗಿಯುತ್ತಿದ್ದ.

“ಹಾಗಾದ್ರೆ ಆ ಕಡೆ ಒಳಗೆ...” ಅವನು ಪೆಟ್ಟಿಗೆ ತೋರಿಸಿದ್ದೇ ಅಕ್ಕ ಕೇಳಿದಳು.

“ಏನೂ ಇಲ್ಲ. ಪೊಳ್ಳು.”

ಅಕ್ಕ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. “ಆಸ್ಪತ್ರೆಯಿಂದ ಅವರಮ್ಮನ್ನ ಕರ್ಕೊಂಡು ಬರೋಕೆ ಹೋದ್ರು ಕಣೋ. ಧೈರ್ಯವಾಗಿ ಮುಂದೇನೇ ಕೂರ್ಸಿ ಅಂತ ನಾನೇ ಹೇಳ್ದೆ.”

ಗುದ್ದಿದ ದಿನ ಆ ಸೀಟಿನಲ್ಲಿದ್ದವಳು ಆ ತಾಯಿಯೇ. ಬ್ಯಾಗು ಉಬ್ಬಿ ಎದೆಗೆ ಆತುಕೊಂಡಿದ್ದರಿಂದ ಮುದುಕಿ ಉಳಿದಳು. ಅಂದಿನಿಂದ ಕಾರು ಹತ್ತುವುದಿಲ್ಲ ಎಂದು ಹಟ. ಈಗ ಕಣ್ಣಿನ ಆಪರೇಷನ್ ಆಗಿತ್ತು, ಮನೆಗೆ ಹೇಗಾದರೂ ಬರಬೇಕಲ್ಲ. ಮಗಳು ಬಟ್ಟೆ ಹೊಲಿಯುವವಳು. ಕಾರು ತಂದುಬಿಟ್ಟ ದಿನ ಡ್ಯಾಶ್‌ಬೋರ್ಡಿನಿಂದ ಜೋತುಬಿದ್ದಿದ್ದ ಹಳೆಯ ಬ್ಯಾಗಿನ ಹೊಲಿಗೆಯ ಮೇಲೆ ಬೆರಳಾಡಿಸಿ, “ಯಾರು ಹೊಲಿದ್ರೋ, ಅವರ ಕೈ ತಣ್ಣಗಿರ್ಲಿ” ಅಂದಿದ್ದಳು.

ಅವನು ಹೊಲಿಗೆ ಮೇಡಂಗೆ ಫೋನು ಮಾಡಿದ. ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಮಾಡಿದ. ಗಾಡಿ ಓಡಿಸುವಾಗ ಫೋನು ಮುಟ್ಟದ ಹೆಂಗಸು. ಬೇರೆ ದಿನವಾಗಿದ್ದರೆ ಮೆಚ್ಚಿಕೊಳ್ಳುತ್ತಿದ್ದ. ಇವತ್ತು ಹಲ್ಲು ಕಡಿದ.

“ಹೀಗೆ ಮಾಡೋಣ,” ಅಕ್ಕನ ದನಿ ಸಣ್ಣದಾಗಿತ್ತು. “ಬೆಲ್ಟು ಇನ್ನೊಂದ್ಸಲ ನೋಡ್ಬೇಕಿತ್ತು ಅಂತ ನಾಳೆ ಕರ್ಸೋಣ. ಬ್ಯಾಗು ಹಾಕಿ ಕಳ್ಸಿದ್ರೆ ಕಥೆ ಮುಗೀತು. ಈಗ ಹೋಗಿ ಹೇಳಿದ್ರೆ ನಮ್ಮನ್ನೂ ಆ ಕಳ್ಳರ ಜೊತೆ ಸೇರಿಸ್ತಾರೆ. ನಂಬ್ತಾರೇನೋ ಯಾರಾದ್ರೂ?”

ಅವನಿಗೂ ಆಸೆಯಾಯಿತು, ಸುಳ್ಳೇಕೆ. ನಿಧಾನವಾಗಿ ಓಡಿಸುವ ಹೆಂಗಸು, ಬೆಲ್ಟು ಬೇರೆ ಇದೆ, ಒಂದು ದಿನದಲ್ಲಿ ಏನಾದೀತು? ಆದರೆ ಮೊದಲ ಸಲ ಗುದ್ದಿದ್ದೂ ಇವಳಲ್ಲ, ಎದುರಿನಿಂದ ಬಂದವನು.

“ಇವತ್ತೇ ಏನಾದ್ರೂ ಆದ್ರೆ?” ಅಂದ.

ಅಕ್ಕ ಶೆಡ್ಡಿನ ಬಾಗಿಲೆಳೆದಳು.

ಸ್ಕೂಟರಿನ ಹಿಂದೆ ಕೂತು ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. “ಇದು ಸಿಡಿಯಲ್ಲ ತಾನೆ?”

“ನೀನು ಬಾಯಿ ಮುಚ್ಕೊಂಡಿದ್ರೆ ಸಿಡಿಯಲ್ಲ.”

“ಎಲ್ಲಾ ನನ್ನ ತಲೆಗೇ ಕಟ್ಟು. ಬರೀ ದೀಪ ಅಂತ ಬಿಡಿಸಿ ಹೇಳೋಕೆ ನಿಂಗೇನು ದಾಡಿ?”

“ಆರಿತು ಅನ್ನೋಕೆ ಬಿಟ್ಟಿದ್ರೆ ಬಿಡಿಸೇ ಹೇಳ್ತಿದ್ದೆ.”

ದೊಡ್ಡ ರಸ್ತೆಯ ತಿರುವಿನಲ್ಲಿ ಜನ ಗುಂಪುಗೂಡಿದ್ದರು. ತಲೆಗಳ ನಡುವೆ ಬಿಳಿ ಬಣ್ಣದ ಒಂದು ಮೂಲೆ ಕಂಡಿತು. ಇಬ್ಬರ ಜಗಳವೂ ಅಲ್ಲಿಗೇ ನಿಂತಿತು. ಅಕ್ಕನ ಬೆರಳು ಅವನ ಹೆಗಲನ್ನು ಕಚ್ಚಿ ಹಿಡಿಯಿತು. ಹತ್ತಿರ ಹೋದರೆ, ಚಕ್ರ ಕಳಚಿದ ಹಾಲಿನ ವ್ಯಾನು. ಡ್ರೈವರು ಕೆಳಗೆ ಕೂತು ಬೀಡಿ ಸೇದುತ್ತಿದ್ದ. ಅಕ್ಕ ಉಸಿರು ಬಿಟ್ಟದ್ದು ಅವನ ಕತ್ತಿಗೆ ಬಿಸಿಯಾಗಿ ತಗುಲಿತು. ಅವನಿಗೆ ಉಸಿರು ಬಿಡಲೂ ಭಯ.

ಆಸ್ಪತ್ರೆಯ ಗೇಟು ಕಂಡಾಗ ಬಿಳಿ ಕಾರು ಹೊರಗೆ ಬರುತ್ತಿತ್ತು. ಮುಂದಿನ ಸೀಟಿನಲ್ಲಿ, ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಬೆಲ್ಟು ಹಾಕಿಕೊಂಡು ಮುದುಕಿ ನೆಟ್ಟಗೆ ಕೂತಿದ್ದಳು. ಎದುರಿಗೆ ಬಸ್ಸುಗಳು ಹಾರಿಬರುವ ರಸ್ತೆ. ಕೂಗಿದರೆ ಕೇಳಿಸುವಂತಿರಲಿಲ್ಲ. ಅವನು ಹಿಂದೆಮುಂದೆ ನೋಡದೆ ಸ್ಕೂಟರನ್ನು ಕಾರಿಗೆ ಅಡ್ಡ ತಂದು ನಿಲ್ಲಿಸಿದ.

ಬ್ರೇಕು ಕಿರುಚಿತು. ಮುದುಕಿ ಡ್ಯಾಶ್‌ಬೋರ್ಡಿನತ್ತ ಮುಗ್ಗರಿಸಿದಳು. ಅವಳ ಪಟ್ಟಿ ಕಟ್ಟಿದ ಕಣ್ಣು ಆ ಪೊಳ್ಳಿನ ಹತ್ತಿರ ಹತ್ತಿರ ಬಂದದ್ದನ್ನು ಅವನು ಗಾಜಿನಾಚೆ ಕಂಡ. ಅಷ್ಟರಲ್ಲಿ ಬೆಲ್ಟು ಗಕ್ಕನೆ ಹಿಡಿಯಿತು. ಕಾರಿನ ಮೂತಿ ಅಕ್ಕನ ಮಂಡಿಗೆ ಗೇಣು ದೂರದಲ್ಲಿ ನಿಂತಿತ್ತು.

“ಸಾಯೋಕೆ ನನ್ನ ಕಾರೇ ಬೇಕಿತ್ತಾ ನಿಮ್ಗೆ?” ಎಂದು ಇಳಿದುಬಂದ ಮೇಲೆ ಹೊಲಿಗೆ ಮೇಡಂಗೆ ಅಕ್ಕತಮ್ಮನ ಗುರುತು ಸಿಕ್ಕಿತು.

“ಮೇಡಂ, ಅಮ್ಮನ ಮುಂದೆ ಬ್ಯಾಗಿಲ್ಲ.” ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹಾರಿಹೋಗಿ ಅಷ್ಟೇ ಉಳಿದಿತ್ತು.

“ದೀಪ ಬರ್ತಿಲ್ವಲ್ಲ?”

“ಬರ್ದೇ ಇರೋ ಹಾಗೆ ನಾನೇ ಮಾಡಿದ್ದೆ. ತಂತಿ ನೋಡೋಕೆ. ಬ್ಯಾಗು ಇಲ್ಲಿದೆ, ಈಗ ತಂದೆ.”

“ಅವ್ನು ಹೇಳಿದ್ದೊಂದು, ನಾನು ತಿಳ್ಕೊಂಡಿದ್ದೊಂದು,” ಅಕ್ಕ ಪೆಟ್ಟಿಗೆ ಮುಂದೆ ಚಾಚಿದಳು. “ಮೋಸ ಅಲ್ಲ ಮೇಡಂ, ಖಂಡಿತ ಅಲ್ಲ.”

ಹೊಲಿಗೆ ಮೇಡಂ ಪೆಟ್ಟಿಗೆ ಮುಟ್ಟಲಿಲ್ಲ. ಕಿಟಕಿಯೊಳಗೆ ಕೈ ಹಾಕಿ, ತಾಯಿಯ ಮುಂದಿನ ಡ್ಯಾಶ್‌ಬೋರ್ಡನ್ನು ಗೆಣ್ಣಿನಿಂದ ತಟ್ಟಿ ನೋಡಿದಳು.

“ಯಾರೇ ಅದು?” ಮುದುಕಿ ಎದೆ ನೀವಿಕೊಳ್ಳುತ್ತಾ ಕೇಳಿದಳು. “ಏನಂತೆ?”

“ರಿಪೇರಿಯವ್ರಮ್ಮ. ನೀನು ಹಿಂದೆ ಕೂತ್ಕೊ ಬಾ.”

“ಸರಿಹೋಗಿದೆ, ನನ್ನಾಣೆ ಅಂದ್ಯಲ್ಲೇ.”

ಮಗಳು ಬೆಲ್ಟು ಬಿಚ್ಚಿ, ತಾಯಿಯ ತಲೆ ತಗುಲದಂತೆ ಅಂಗೈ ಅಡ್ಡ ಹಿಡಿದು ಇಳಿಸಿ, ಹಿಂದಿನ ಸೀಟಿಗೆ ದಾಟಿಸಿದಳು.

“ಶೆಡ್ಡಿಗೆ ಓಡಿಸ್ಕೊಂಡು ಬನ್ನಿ ಮೇಡಂ,” ಎಂದ ಅವನು. “ನಿಮ್ಮೆದುರೇ ಹಾಕ್ತೀನಿ. ಒಂದೊಂದೇ ತೋರಿಸ್ತೀನಿ.”

ಅವಳು ಕೀಲಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಅವನ ಕೈಗೆ ಹಾಕಿದಳು. “ನೀವೇ ಓಡ್ಸಿ. ನನ್ನ ಕೈಲಾಗಲ್ಲ.” ಡ್ರೈವರ್ ಸೀಟಿನ ಹಿಂದೆ, ತಾಯಿಯ ಪಕ್ಕ ಹೋಗಿ ಕೂತಳು.

ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಅಕ್ಕ ಸ್ಕೂಟರು ತಿರುಗಿಸಿಕೊಂಡಳು. ಅವನು ಬೆಲ್ಟು ಹಾಕಿಕೊಂಡು, ಕನ್ನಡಿ ಸರಿಮಾಡಿಕೊಂಡು, ತುಂಬಿದ ಕೊಡ ಹೊತ್ತವನ ಹಾಗೆ ಮೆಲ್ಲಗೆ ಹೊರಟ. ದೊಡ್ಡ ರಸ್ತೆಯಲ್ಲಿ, ಸಾಕಷ್ಟು ದೂರದಲ್ಲಿ, ಬಸ್ಸೊಂದು ನಿಲ್ಲತೊಡಗಿತು. ಅವನು ಬ್ರೇಕಿನ ಮೇಲೆ ಕಾಲಿಡುವ ಮೊದಲೇ, ಹಿಂದಿನಿಂದ ಹೊಲಿಗೆ ಮೇಡಂ ಪಾದ, ಬ್ರೇಕು ಅಲ್ಲೇ ಇದ್ದ ಹಾಗೆ, ಅವನ ಸೀಟಿನ ಬೆನ್ನನ್ನು ಬಲವಾಗಿ ಒತ್ತಿತು.